ಹಾಳೆ ತಟ್ಟೆಯ ಲೆಕ್ಕ

ಕಳೆದ ತಿಂಗಳು ಪಕ್ಕದ ತಾಲ್ಲೂಕಿನಿಂದ ಒಬ್ಬರು ಫೋನ್ ಮಾಡಿದ್ದರು. ಅವರೂ ನಮ್ಮ ಹಾಗೆ ಒಂದು ಸಣ್ಣ ಟ್ರಸ್ಟ್ ನಡೆಸುವವರು. ನೋಡಿಕೊಳ್ಳಲು ಯಾರೂ ಇಲ್ಲದ ವಯಸ್ಸಾದವರಿಗೆ ಮಧ್ಯಾಹ್ನದ ಊಟ ಮನೆಗೆ ಮುಟ್ಟಿಸುತ್ತಾರೆ. "ನಿಮ್ಮ ಸಂಸ್ಥೆ ಸ್ವಂತ ಕಾಲ ಮೇಲೆ ನಿಂತಿದೆಯಂತೆ ಮೇಷ್ಟ್ರೆ, ನಮಗೂ ಸ್ವಲ್ಪ ದಾರಿ ತೋರಿಸಿ" ಎಂದರು. ಅಡಿಕೆ ಮರದಿಂದ ಉದುರುವ ಹಾಳೆಯಲ್ಲಿ ತಟ್ಟೆ ಒತ್ತುವ ಮಷಿನ್ನಿಗೆ ಎಷ್ಟಾಗುತ್ತದೆ, ಕರೆಂಟ್ ಎಷ್ಟು ಬೇಕು, ಅಚ್ಚು ಎಷ್ಟು ವರ್ಷ ಬಾಳುತ್ತದೆ, ಎಲ್ಲ ಹೇಳಿದೆ. ಅವರು ಬರೆದುಕೊಂಡರು. ಫೋನ್ ಇಟ್ಟ ಮೇಲೆ ಅವರ ಆ ಒಂದು ಮಾತು ಮಾತ್ರ ತಲೆಯಲ್ಲೇ ಉಳಿಯಿತು. ಸ್ವಂತ ಕಾಲು. ನಮ್ಮ ಸಂಸ್ಥೆ ನಿಂತದ್ದು ನಿಜ. ಆದರೆ ಯಾರ ಕಾಲಿನ ಮೇಲೆ? ಎರಡು ವರ್ಷದಿಂದ ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಇದು. ಅವರಿಗೆ ಯಂತ್ರದ ವಿಷಯ ಹೇಳಿದೆ, ಇದನ್ನು ಹೇಳಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಹಾಸಿಗೆ ಹಿಡಿದವರ ಮನೆಗೆ ಹೋಗುವುದು. ಕ್ಯಾನ್ಸರ್ ಕೊನೆಯ ಹಂತಕ್ಕೆ ಹೋದವರು, ಲಕ್ವ ಹೊಡೆದವರು, ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರು. ಆಸ್ಪತ್ರೆಯಲ್ಲಿ "ಇನ್ನು ಮನೆಗೆ ಕರಕೊಂಡು ಹೋಗಿ" ಎಂದ ಮೇಲೆ ಶುರುವಾಗುವ ದಿನಗಳಿವೆಯಲ್ಲ, ಆ ದಿನಗಳಿಗೆ ನಾವು. ಒಬ್ಬ ನರ್ಸ್, ಒಂದು ಹಳೆಯ ಓಮ್ನಿ, ಅರ್ಧ ದಿನದ ಡ್ರೈವರ್, ಬಿಡುವಿದ್ದಾಗ ಬರುವ ಆರೇಳು ಜನ. ಇಷ್ಟೇ ನಮ್ಮ ಬಲ. ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಹಾಗಾಗಿ ಖಜಾಂಚಿ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು.

ಹಾಸಿಗೆಗೆ ಇದೆ, ಸಂಬಳಕ್ಕೆ ಇಲ್ಲ

ಮೊದಲ ಮೂರು ವರ್ಷ ನಮ್ಮನ್ನು ಸಾಕಿದ್ದು ಒಂದು ಕಂಪನಿ ಸಮಾಜದ ಕೆಲಸಕ್ಕೆ ಅಂತ ತೆಗೆದಿಟ್ಟ ಸಿಎಸ್‌ಆರ್ ದುಡ್ಡು. ಕಂಪನಿ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ಒಳ್ಳೆಯ ಜನ, ಹೇಳಿದ ದಿನಕ್ಕೆ ದುಡ್ಡು ಹಾಕುತ್ತಿದ್ದರು. ಆದರೆ ಒಂದು ಕಟ್ಟಳೆ. ವಸ್ತುಗಳಿಗೆ ಕೊಡುತ್ತೇವೆ, ಸಂಬಳಕ್ಕೆ ಇಲ್ಲ. ಗಾಳಿ ಹಾಸಿಗೆ, ಗಾಲಿಕುರ್ಚಿ, ಆಕ್ಸಿಜನ್ ಮಷಿನ್ ಇವಕ್ಕೆಲ್ಲ ಸರಿ. ನರ್ಸ್ ಸಂಬಳ, ಪೆಟ್ರೋಲು, ಡ್ರೈವರ್ ಕೂಲಿ ಇವೆಲ್ಲ "ನಿಮ್ಮ ಖರ್ಚು".

ಇದರ ಅರ್ಥ ನನಗೆ ಪೂರ್ತಿ ಆದದ್ದು ಒಂದು ಜುಲೈ ತಿಂಗಳಲ್ಲಿ. ನಮ್ಮ ಸೀಮೆಯ ಮಳೆ ನಿಮಗೆ ಗೊತ್ತಿದ್ದದ್ದೇ. ಮೂರು ದಿನದಿಂದ ಕರೆಂಟ್ ಇರಲಿಲ್ಲ. ಒಬ್ಬ ಕೊನೆಗೌಡನ, ಅಂದರೆ ಮರ ಹತ್ತಿ ಅಡಿಕೆ ಕೊಯ್ಯುವವನ, ಮನೆಗೆ ಹೋಗಬೇಕಿತ್ತು. ಹಿಂದಿನ ವರ್ಷ ಅಡಿಕೆ ಕೊನೆ ಇಳಿಸುವಾಗ ಮರ ಮುರಿದು ಬಿದ್ದಿದ್ದ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಬೆನ್ನಲ್ಲಿ ಹಾಸಿಗೆ ಹುಣ್ಣು, ಅಂಗೈಯಷ್ಟು ಅಗಲ. ಓಮ್ನಿ ರಸ್ತೆಯಲ್ಲೇ ನಿಂತಿತು. ಅಲ್ಲಿಂದ ಮುಂದೆ ಕಾಲುಸಂಕ. ಕೆಳಗೆ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾನು ಗಾಳಿ ಹಾಸಿಗೆಯ ಗಂಟನ್ನು ತಲೆಯ ಮೇಲೆ ಹೊತ್ತಿದ್ದೆ. ಸಿಸ್ಟರ್ ಅದರ ಪಂಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಹೇಗೋ ದಾಟಿದೆವು. ಮನೆಗೆ ಹೋಗಿ ಹಾಸಿಗೆ ಬಿಡಿಸಿದರೆ ಪಂಪ್ ಓಡಿಸಲು ಕರೆಂಟ್ ಎಲ್ಲಿದೆ?

ಸಿಸ್ಟರ್ ಒಂದು ಮಾತೂ ಆಡಲಿಲ್ಲ. ಹಾಸಿಗೆಯನ್ನು ಮಡಿಸಿ ಮೂಲೆಗಿಟ್ಟರು. ಗಾಯ ತೊಳೆದರು. ಮನೆಯಲ್ಲಿದ್ದ ಹಳೆಯ ಕಂಬಳಿ, ದಿಂಬು ಎಲ್ಲ ತರಿಸಿ, ಯಾವ ಕಡೆ ಹೇಗೆ ಒತ್ತು ಕೊಡಬೇಕು ಅಂತ ಅವನ ಹೆಂಡತಿಗೆ ತೋರಿಸಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ಆಕೆಯ ಕೈ ಹಿಡಿದು ಮಾಡಿಸಿದರು. ಒಂದು ಸಲ ಅಲ್ಲ, ಐದಾರು ಸಲ. ಆಕೆಗೆ ಸರಿಯಾಗಿ ಬರುವ ತನಕ. ಹೊರಡುವಾಗ ಸಂಜೆಯಾಗಿತ್ತು. ಆ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು, ಆದರೆ ಮಾಯಿತು. ಮಾಯಿಸಿದ್ದು ಹಾಸಿಗೆಯಲ್ಲ, ಸಿಸ್ಟರ್ ಕಲಿಸಿದ ಮಗ್ಗುಲು.

ಕಂಪನಿಯವರು ವರ್ಷದ ಕೊನೆಗೆ ಫೋಟೋ ಕೇಳಿದರು. ಮನೆಯವರ ಒಪ್ಪಿಗೆ ಪಡೆದು ಕಳಿಸಿದೆವು. ಫೋಟೋದಲ್ಲಿ ಹಾಸಿಗೆ ಇತ್ತು, ಸಿಸ್ಟರ್ ಇರಲಿಲ್ಲ. ಮೂರು ವರ್ಷದ ಒಪ್ಪಂದ ಮುಗಿದ ಮೇಲೆ ಕಂಪನಿ ಬೇರೆ ಜಿಲ್ಲೆಗೆ ಹೋಯಿತು. ಗಾಳಿ ಹಾಸಿಗೆಗಳು ಉಳಿದವು. ಅವನ್ನು ಹೊತ್ತುಕೊಂಡು ಹೋಗುವವರ ಸಂಬಳ ಎಲ್ಲಿಂದ ತರುವುದು ಅನ್ನುವುದು ನನ್ನ ಮುಂದೆ ಉಳಿಯಿತು.

ಡಬ್ಬಿಯಿಂದ ಮಷಿನ್ನಿಗೆ

ಈ ಕೆಲಸದಲ್ಲಿ ಕೇರಳದವರು ನಮಗಿಂತ ಬಹಳ ಮುಂದೆ. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಅಂಥವರು ಸಣ್ಣದಾಗಿ ಶುರು ಮಾಡಿದ್ದನ್ನು ಮಲಪ್ಪುರಂ ಕಡೆಯ ಊರುಗಳು ತಮ್ಮ ಕೆಲಸ ಅಂತಲೇ ಕೈಗೆತ್ತಿಕೊಂಡವು. ಅಂಗಡಿಗಳಲ್ಲಿ ಡಬ್ಬಿ ಇಟ್ಟು, ಮನೆ ಮನೆಯಿಂದ ಸಣ್ಣ ಸಣ್ಣ ಮೊತ್ತ ಕೂಡಿಸಿ ನಡೆಸಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆಂದೇ ಒಂದು ನೀತಿ ತಂದಿತು, ದೇಶದಲ್ಲೇ ಮೊದಲು. ಈಗ ಅಲ್ಲಿ ಪಂಚಾಯಿತಿಗಳೇ ಮನೆಗೆ ನರ್ಸ್ ಕಳಿಸುತ್ತವೆ. ನಿಜವಾಗಿ ಆಗಬೇಕಾದ್ದು ಹಾಗೇ. ನಮ್ಮಲ್ಲಿ ಅದು ಆಗುವ ತನಕ ಸುಮ್ನೆ ಕೂರಲು ಆಗುವುದಿಲ್ಲವಲ್ಲ.

ನಾವೂ ಡಬ್ಬಿ ಇಟ್ಟೆವು. ದಿನಸಿ ಅಂಗಡಿ, ಮೆಡಿಕಲ್ ಶಾಪು, ಹೋಟೆಲು ಸೇರಿ ಹನ್ನೊಂದು ಕಡೆ. ಮೊದಲು ಪರವಾಗಿರಲಿಲ್ಲ. ಆಮೇಲೆ ಎಲ್ಲರ ಕೈಗೂ ಫೋನ್‌ಪೇ, ಗೂಗಲ್‌ಪೇ ಬಂತು. ಚಿಲ್ಲರೆಯೇ ಇಲ್ಲದ ಮೇಲೆ ಡಬ್ಬಿಗೆ ಏನು ಬೀಳುತ್ತದೆ? ಡಬ್ಬಿಯ ಪಕ್ಕ ಕ್ಯೂಆರ್ ಕೋಡ್ ಅಂಟಿಸಿ ನೋಡಿದೆವು. ಅಂಗಡಿಯವನ ಕೋಡ್ ಅಂದುಕೊಂಡು ಜನ ಅದಕ್ಕೇ ದುಡ್ಡು ಹಾಕಿ, ವಾಪಸ್ ಮಾಡುವುದೇ ಒಂದು ಕೆಲಸವಾಯಿತು.

ಆಗ ಬಂದದ್ದು ಹಾಳೆ ತಟ್ಟೆಯ ಯೋಚನೆ. ಸಭೆಯಲ್ಲಿ ಯಾರೋ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಉದಾಹರಣೆ ಕೊಟ್ಟರು. ಇಂಥ ಸಭೆಗಳಲ್ಲಿ ಎಲ್ಲರೂ ಕೊಡುವ ಉದಾಹರಣೆ ಅದು. 1976ರಲ್ಲಿ ಡಾ. ವೆಂಕಟಸ್ವಾಮಿ 11 ಹಾಸಿಗೆಯಿಂದ ಶುರು ಮಾಡಿದರು, ಕೊಡಬಲ್ಲವರಿಂದ ತೆಗೆದುಕೊಂಡು ಇಲ್ಲದವರಿಗೆ ಪುಕ್ಕಟೆ ಆಪರೇಷನ್ ಮಾಡಿದರು, 1992ರಲ್ಲಿ ಕಣ್ಣಿನೊಳಗೆ ಹಾಕುವ ಲೆನ್ಸನ್ನೂ ತಮ್ಮದೇ ಕಾರ್ಖಾನೆ ಅರೋಲ್ಯಾಬ್‌ನಲ್ಲಿ ತಾವೇ ಮಾಡತೊಡಗಿ ಬೆಲೆ ಇಳಿಸಿದರು. ಎಲ್ಲ ನಿಜ, ಕೈ ಮುಗಿಯಬೇಕಾದ ಕೆಲಸ. ಆದರೆ ಆ ಉದಾಹರಣೆಯಲ್ಲಿ ಒಂದು ಸೂಕ್ಷ್ಮ ಇದೆ, ಆವತ್ತು ನನಗೆ ಹೊಳೆದಿರಲಿಲ್ಲ. ಅಲ್ಲಿ ಸಂಪಾದನೆಯೂ ಕಣ್ಣಿನದೇ, ಸೇವೆಯೂ ಕಣ್ಣಿನದೇ. ಹೆಚ್ಚು ಆಪರೇಷನ್ ಮಾಡಿದಷ್ಟೂ ಡಾಕ್ಟರ ಕೈ ಪಳಗುತ್ತದೆ. ಎರಡೂ ಒಂದನ್ನೊಂದು ಬೆಳೆಸುತ್ತವೆ. ನಮ್ಮಲ್ಲಿ ಹಾಗಲ್ಲ. ಸಾಯುವ ಹೊತ್ತಿನಲ್ಲಿರುವವರ ಹತ್ತಿರ ವ್ಯಾಪಾರ ಮಾಡಲು ಬರುವುದಿಲ್ಲ. ಅವರ ಆರೈಕೆಗೆ ಬೇಕಾದ ದುಡ್ಡನ್ನು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕೆಲಸದಿಂದ ತರಬೇಕು. ಆ ಇನ್ನೊಂದು ಕೆಲಸಕ್ಕೆ ತನ್ನದೇ ಹಸಿವು ಇರುತ್ತದೆ. ಹಾಳೆ ಬೇಕು, ಜನ ಬೇಕು, ಗಿರಾಕಿ ಬೇಕು, ಖಜಾಂಚಿಯ ನಿದ್ದೆಯೂ ಬೇಕು.

2021ರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಕೂಡಿ ದುಡ್ಡು ಕೊಟ್ಟರು. ಒಂದು ಸೆಕೆಂಡ್ ಹ್ಯಾಂಡ್ ಮಷಿನ್ ತಂದೆವು. ಖಾಲಿ ಬಿದ್ದಿದ್ದ ಒಂದು ಅಡಿಕೆ ಗೋದಾಮಿನಲ್ಲಿ ಕೂರಿಸಿದೆವು. ಹನ್ನೆರಡು ಇಂಚು, ಹತ್ತು ಇಂಚು, ಪಾಯಸದ ಬಟ್ಟಲು, ಹೀಗೆ ಮೂರು ಅಚ್ಚು. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ನಾವು ಚಿಕ್ಕವರಿದ್ದಾಗ ಒಬ್ಬನನ್ನು ಹಾಳೆಯ ಮೇಲೆ ಕೂರಿಸಿ ಸೋಗೆ ಹಿಡಿದು ಅಂಗಳದ ತುಂಬ ಎಳೆಯುತ್ತಿದ್ದೆವು. ತಲೆಗೆ ಟೊಪ್ಪಿಯೂ ಹಾಳೆಯದೇ. ಉಳಿದದ್ದು ತೋಟದಲ್ಲೇ ಕೊಳೆಯುತ್ತಿತ್ತು. ಆ ಹಾಳೆಯನ್ನು ಬೇಸಿಗೆಯಲ್ಲಿ ಒಟ್ಟುಮಾಡಿ, ಒಣಗಿಸಿ, ಮಳೆಯ ಹನಿ ತಾಗದ ಹಾಗೆ ಇಡಬೇಕು. ಒಂದು ಸಲ ಬೂಷ್ಟು ಹಿಡಿಯಿತೋ ಮುಗಿಯಿತು. ಬೇಕಾದಾಗ ತೊಟ್ಟಿಯಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ನೀರು ಸೋರಲು ನಿಲ್ಲಿಸಿ, ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ಸುಯ್ಯೆಂದು ಹಬೆ ಏಳುತ್ತದೆ. ಗೋದಾಮಿನ ತುಂಬ ಒಂದು ಸಿಹಿ ವಾಸನೆ. ಅಂಚು ಕತ್ತರಿಸಿದರೆ ತಟ್ಟೆ ತಯಾರು. ಚೂರುಗಳು ಬಚ್ಚಲ ಒಲೆಗೆ.

ಕೆಲಸಕ್ಕೆ ಮೂರು ಜನ ಹೆಂಗಸರು ಬಂದರು. ಮೂವರೂ ನಮ್ಮ ರೋಗಿಗಳ ಮನೆಯವರೇ. ಒಬ್ಬಳು ಕ್ಯಾನ್ಸರ್‌ನಲ್ಲಿ ತೀರಿಕೊಂಡ ಅಜ್ಜಿಯೊಬ್ಬರ ಸೊಸೆ. ಇನ್ನೊಬ್ಬಳು ಚಿಕ್ಕ ವಯಸ್ಸಿನವಳು, ಅಪ್ಪನಿಗೆ ಲಕ್ವ. ಮೂರನೆಯವರು ಆ ಕೊನೆಗೌಡನ ಹೆಂಡತಿ. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎಷ್ಟು ಚಂದ ಕಾಣುತ್ತಿತ್ತು ಆಗ! ರೋಗಿಗೆ ಆರೈಕೆ, ರೋಗಿಯ ಮನೆಯವರಿಗೆ ಕೆಲಸ, ಆ ಕೆಲಸದ ಲಾಭದಿಂದ ಮತ್ತೆ ಆರೈಕೆ. ಮದುವೆ ಮನೆ, ಗೃಹಪ್ರವೇಶ, ದೇವಸ್ಥಾನದ ಸಮಾರಾಧನೆ, ಎಲ್ಲ ಕಡೆ ನಮ್ಮ ತಟ್ಟೆ ಹೋಗತೊಡಗಿತು. ಅಡುಗೆ ಕಂಟ್ರಾಕ್ಟರುಗಳು ಹುಡುಕಿಕೊಂಡು ಬಂದರು.

2023-24ನೇ ಸಾಲಿನಲ್ಲಿ ಶೆಡ್ಡಿನಿಂದ ಸುಮಾರು 91,000 ರೂಪಾಯಿ ಲಾಭ ಬಂತು. ಸಿಸ್ಟರ್ ಸಂಬಳ ತಿಂಗಳಿಗೆ 14,000. ಆರೂವರೆ ತಿಂಗಳ ಸಂಬಳ ತಟ್ಟೆಯಿಂದಲೇ! ಮೊದಲೆಲ್ಲ ಟ್ರಸ್ಟಿನ ಸಭೆ ಶುರುವಾಗುತ್ತಿದ್ದದ್ದು "ಈ ತಿಂಗಳು ಎಷ್ಟು ಜನರ ಮನೆಗೆ ಹೋದೆವು" ಅನ್ನುವುದರಿಂದ. ಆ ವರ್ಷ "ಎಷ್ಟು ತಟ್ಟೆ ಹೋಯಿತು" ಅನ್ನುವುದರಿಂದ ಶುರುವಾಗತೊಡಗಿತು. ಯಾವ ತಿಂಗಳು ಬದಲಾಯಿತು ಅಂತ ನಡಾವಳಿ ಪುಸ್ತಕ ತೆಗೆದು ನೋಡಿದರೆ ಸಿಗುತ್ತದೆ. ಆಗ ಯಾರಿಗೂ ಅದು ಗಮನಕ್ಕೆ ಬರಲಿಲ್ಲ.

136 ರೂಪಾಯಿ

ಮಾರ್ಚ್ ಕೊನೆಯ ವಾರ. ಆರು ದಿನದಿಂದ ದೊಡ್ಡಕ್ಕ ಕೆಲಸಕ್ಕೆ ಬಂದಿರಲಿಲ್ಲ. ದೊಡ್ಡ ಮದುವೆಯ ಆರ್ಡರ್ ಬೇರೆ ಇತ್ತು. ಯಜಮಾನರಿಗೆ ಹುಷಾರಿಲ್ಲವೇನೋ ಅಂತ ಹೆದರಿ ಮನೆಗೆ ಹೋದೆ. ದೊಡ್ಡಕ್ಕ ಅಂಗಳದಲ್ಲಿ ಕೈಕಾಲಿನ ಮಣ್ಣು ತೊಳೆಯುತ್ತಿದ್ದರು.

"ಕೆರೆ ಹೂಳು ತೆಗಿಯೂ ಕೆಲ್ಸ ಬಂದಿತ್ತು ಮೇಷ್ಟ್ರೆ, ಖಾತ್ರಿದು. ಒಂದು ವಾರ ಅಷ್ಟೇ. ಅಲ್ಲಿ 316 ಕೊಡ್ತಾರೆ ಅಲ್ದಾ" ಎಂದರು. ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿದರು.

ಆವತ್ತು ರಾತ್ರಿ ಲೆಕ್ಕ ಮುಗಿಸಲು ಕೂತೆ. ನಮ್ಮ ಆಡಿಟರ್ ಮೊದಲೇ ಹೇಳಿದ್ದರು. ಟ್ರಸ್ಟ್ ವ್ಯಾಪಾರ ಮಾಡಿದರೆ ಅದಕ್ಕೆ ಬೇರೆಯೇ ಪುಸ್ತಕ ಇಡಬೇಕು, ಆದಾಯ ತೆರಿಗೆ ಕಾನೂನು ಹಾಗೇ ಹೇಳುತ್ತದೆ ಅಂತ. ಎರಡು ಪುಸ್ತಕ ಬರೆಯುವುದು ರಗಳೆ ಅಂತ ಆಗ ಅನ್ನಿಸಿತ್ತು. ಈಗ ಆ ಪುಸ್ತಕದಿಂದಲೇ ಗೊತ್ತಾಯಿತು. ಎಲ್ಲ ಒಂದರಲ್ಲೇ ಕಲಸಿಕೊಂಡಿದ್ದರೆ ಎಂದಿಗೂ ಕಾಣುತ್ತಿರಲಿಲ್ಲ.

ನಾವು ಕೊಡುತ್ತಿದ್ದದ್ದು ತಟ್ಟೆಗೆ 60 ಪೈಸೆ. ದಿನಕ್ಕೆ ಒಬ್ಬೊಬ್ಬರ ಪಾಲಿಗೆ ಮುನ್ನೂರು ತಟ್ಟೆ, ಅಂದರೆ 180 ರೂಪಾಯಿ. ಉದ್ಯೋಗ ಖಾತ್ರಿಯ ಕೂಲಿ ಆ ವರ್ಷ ಕರ್ನಾಟಕದಲ್ಲಿ 316. ಕಡಿಮೆ ಬಿದ್ದದ್ದು 136. ಮೂರು ಜನ, 220 ದಿನ. ಕಾಗದದ ಮೇಲೆ ಗುಣಿಸಿದೆ. 89,760 ರೂಪಾಯಿ. ಪಕ್ಕದ ಪುಟದಲ್ಲಿ ಲಾಭ, 91,000. ತಪ್ಪು ಮಾಡಿದೆನೇನೋ ಅಂತ ಇನ್ನೊಮ್ಮೆ ಗುಣಿಸಿದೆ. ಅಷ್ಟೇ ಬಂತು.

ಒಂದೊಂದು ಲೆಕ್ಕ ಹೀಗಿರುತ್ತದೆ. ಉತ್ತರ ಸಿಕ್ಕಿದ ಮೇಲೆ ಪ್ರಶ್ನೆಯೇ ಬೇರೆಯಾಗಿ ಕಾಣುತ್ತದೆ. ಹಾಳೆಯಿಂದ ಲಾಭ ಬರುತ್ತಿದೆ ಅಂತ ನಾವು ತಿಳಿದಿದ್ದೆವು. ಹಾಳೆಯಿಂದ ಏನೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಈ ಮೂವರ ಕೂಲಿಯಿಂದ. ಆ ವರ್ಷ ನಮ್ಮ ಟ್ರಸ್ಟಿಗೆ ಎಲ್ಲರಿಗಿಂತ ಜಾಸ್ತಿ ದುಡ್ಡು ಕೊಟ್ಟವರು ಈ ಮೂವರು. ಗೋಡೆಯ ಮೇಲೆ ದಾನಿಗಳ ಹಲಗೆ ಇದೆ. 5,000 ಕೊಟ್ಟವರ ಹೆಸರೂ ಅದರಲ್ಲಿದೆ. ಇವರ ಹೆಸರಿಲ್ಲ. ಊರಿನಲ್ಲಿ ಎಲ್ಲರಿಗಿಂತ ಕಷ್ಟದಲ್ಲಿರುವ ಮೂರು ಮನೆಗಳಿಂದ ವಂತಿಗೆ ಎತ್ತಿ ಉಳಿದ ಕಷ್ಟದ ಮನೆಗಳಿಗೆ ನರ್ಸ್ ಕಳಿಸುತ್ತಿದ್ದೆವು. ಅದಕ್ಕೆ ಸ್ವಂತ ಕಾಲು ಅಂತ ಹೆಸರು ಬೇರೆ.

ಟ್ರಸ್ಟಿನ ಸಭೆಯಲ್ಲಿ ಇಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬಂದ ಮಾತುಗಳನ್ನು ಇಲ್ಲಿ ಹೇಳಲೇಬೇಕು. ಅವೂ ಸುಳ್ಳಲ್ಲ. ಖಾತ್ರಿ ಕೆಲಸ ಆಗ ಒಂದು ಮನೆಗೆ ವರ್ಷಕ್ಕೆ ನೂರು ದಿನ, ಅದೂ ಸಿಕ್ಕಿದರೆ. ಕೂಲಿ ಖಾತೆಗೆ ಬರಲು ತಿಂಗಳುಗಟ್ಟಲೆ ಕಾಯಬೇಕು. ಬಿಸಿಲಲ್ಲಿ ಮಣ್ಣು ಹೊರಬೇಕು. ನಮ್ಮ ಶೆಡ್ಡು ನೆರಳು, ಮನೆಗೆ ಹತ್ತಿರ. ಮಧ್ಯಾಹ್ನ ಹೋಗಿ ಗಂಡನ ಮಗ್ಗುಲು ಬದಲಿಸಿ ಬರಬಹುದು. "ಅವರಿಗೆ ಕೆಲಸ ಸಿಕ್ಕಿದ್ದೂ ಸೇವೆಯೇ ಅಲ್ವಾ ಮೇಷ್ಟ್ರೆ" ಎಂದು ಒಬ್ಬರು ಕೇಳಿದರು. ಕೇಳಿದವರು ಕೆಟ್ಟವರಲ್ಲ. ಹದಿನೈದು ವರ್ಷದಿಂದ ತಮ್ಮ ಕೈಯಿಂದ ಪೆಟ್ರೋಲ್ ಹಾಕಿಕೊಂಡು ರೋಗಿಗಳ ಮನೆ ಸುತ್ತಿದವರು.

ಆ ಮಾತನ್ನು ಬಹಳ ದಿನ ಯೋಚಿಸಿದ್ದೇನೆ. ನೆರಳಿಗೆ ಬೆಲೆ ಇದೆ, ಒಪ್ಪಿದೆ. ಆದರೆ ನೆರಳಿನ ಬಾಬ್ತು ದಿನಕ್ಕೆ 136 ರೂಪಾಯಿ ಹಿಡಿದುಕೊಳ್ಳಿ ಅಂತ ದೊಡ್ಡಕ್ಕ ನಮಗೆ ಹೇಳಿರಲಿಲ್ಲ. ಹಿಡಿದುಕೊಂಡವರು ನಾವು. ಹಿಡಿದುಕೊಂಡಿದ್ದು ನಮಗೂ ಗೊತ್ತಿರಲಿಲ್ಲ. ಇನ್ನೊಂದು, ಒಂದೇ ರೂಪಾಯಿಯನ್ನು ನಾವು ಎರಡು ಕಡೆ ಬರೆದುಕೊಳ್ಳುತ್ತಿದ್ದೆವು. ಕೂಲಿ ಅಂತ ಕೊಟ್ಟಾಗ ಒಂದು ಸೇವೆ, ಕಡಿಮೆ ಕೊಟ್ಟು ಉಳಿಸಿದಾಗ ಇನ್ನೊಂದು ಸೇವೆ. ವಾರ್ಷಿಕ ವರದಿಯಲ್ಲಿ ಎರಡೂ ಇದ್ದವು, ಒಂದರ ಕೆಳಗೆ ಒಂದು. "ಮೂವರು ಮಹಿಳೆಯರಿಗೆ ಉದ್ಯೋಗ" ಅಂತ ಬರೆದವನು ನಾನೇ.

ಗೊತ್ತಿತ್ತು

ಮೂವರನ್ನೂ ಶೆಡ್ಡಿನಲ್ಲಿ ಕೂರಿಸಿ ಲೆಕ್ಕ ಓದಿ ಹೇಳಿದೆ. ಚಿಕ್ಕವಳು ಬೆರಗಾಗಿ ನೋಡಿದಳು. ಅವಳಿಗೆ ಇದೆಲ್ಲ ಗೊತ್ತೇ ಇರಲಿಲ್ಲ. ಮಷಿನ್ ಅಷ್ಟು ದುಡಿಯುತ್ತದೆ ಅಂತಲೂ ಗೊತ್ತಿರಲಿಲ್ಲ. ಸೊಸೆ ಏನೂ ಹೇಳಲಿಲ್ಲ. ದೊಡ್ಡಕ್ಕ ಹಾಳೆಯ ಚೂರೊಂದನ್ನು ಸೀಳುತ್ತಾ ಕೂತಿದ್ದರು.

"ನಂಗೆ ಗೊತ್ತಿತ್ತು ಮೇಷ್ಟ್ರೆ" ಎಂದರು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹ್ಯಾಂಗೆ ಹೇಳೂದು? ನಮ್ಮನೆಯವ್ರಿಗೆ ಸಿಸ್ಟರಮ್ಮ ವಾರಕ್ಕೆ ಎರಡು ಸಲ ಬಂದು ಗಾಯ ತೊಳ್ದಿದಾರೆ. ಮಳೇಲಿ, ಸಂಕ ದಾಟಿ. ನಾವು ಒಂದು ಪೈಸೆ ಕೊಟ್ಟಿದ್ದಿಲ್ಲ. ನೀವು ಕೂಲಿ ಕಡಿಮೆ ಕೊಡ್ತೀರಿ ಅಂತ ನಾ ಯಾವ ಬಾಯಲ್ಲಿ ಹೇಳ್ಲಿ?"

ನಾನು ಮನೆಗೆ ಬಂದು ಊಟ ಮಾಡಲಿಲ್ಲ. ಲೆಕ್ಕ ನೋಡಿದ ರಾತ್ರಿಗಿಂತ ಈ ಮಾತು ಜಾಸ್ತಿ ನೋಯಿಸಿತು. ಲೆಕ್ಕದ ತಪ್ಪು ತಿದ್ದಬಹುದು. ನಾವು ಒಬ್ಬರಿಗೆ ಉಪಕಾರ ಮಾಡಿ, ಆ ಉಪಕಾರದಿಂದಲೇ ಅವರ ಬಾಯಿ ಕಟ್ಟಿದ್ದೆವು. ಆರೈಕೆ ಪುಕ್ಕಟೆ ಅಂತ ಹೇಳಿಕೊಂಡು ಓಡಾಡುತ್ತಿದ್ದೆವು. ದೊಡ್ಡಕ್ಕನ ಮನಸ್ಸಿನಲ್ಲಿ ಅದು ಸಾಲವಾಗಿತ್ತು. ದಿನಕ್ಕೆ 136ರ ಹಾಗೆ ತೀರಿಸುತ್ತಿದ್ದರು. ರೋಗಿಗಳ ಮನೆಯವರನ್ನೇ ಕೆಲಸಕ್ಕೆ ಇಟ್ಟುಕೊಳ್ಳುವುದು ಎಷ್ಟು ಚಂದ ಅಂತ ಮೇಲೆ ಬರೆದೆನಲ್ಲ, ಅದರಲ್ಲಿ ಇದೂ ಇದೆ. ಬೇರೆಯವರಾಗಿದ್ದರೆ ಜಗಳ ಮಾಡಿ ಕೇಳುತ್ತಿದ್ದರು. ಇವರಿಗೆ ಜಗಳ ಮಾಡುವ ಜಾಗವನ್ನೇ ನಾವು ಬಿಟ್ಟಿರಲಿಲ್ಲ.

ಆಮೇಲೆ ಮಾಡಿದ್ದನ್ನು ಬೇಗ ಹೇಳುತ್ತೇನೆ. ತಟ್ಟೆ ಲೆಕ್ಕದ ಕೂಲಿ ತೆಗೆದುಹಾಕಿ ದಿನಗೂಲಿ ಮಾಡಿದೆವು. ಏಪ್ರಿಲ್‌ನಲ್ಲಿ ಖಾತ್ರಿ ಕೂಲಿ 349 ಆಯಿತು, ನಾವೂ ಅಷ್ಟೇ ಮಾಡಿದೆವು. ಮರುವರ್ಷ 370 ಆಯಿತು, ಮತ್ತೆ ಹೆಚ್ಚಿಸಿದೆವು. ತಟ್ಟೆಗೆ ಐವತ್ತು ಪೈಸೆ ಏರಿಸಿದ್ದಕ್ಕೆ ಒಬ್ಬ ಕಂಟ್ರಾಕ್ಟರ್ ಬಿಟ್ಟುಹೋದರು. ಇಷ್ಟರಿಂದ ಶೆಡ್ಡು ನಷ್ಟಕ್ಕೆ ಬೀಳಬೇಕಿತ್ತು. ಬೀಳದೆ ಇದ್ದದ್ದಕ್ಕೆ ಕಾರಣ ಹಾಳೆ. ಅಷ್ಟು ದಿನ ಹಾಳೆಯನ್ನು ತೋಟದವರಿಂದ ದುಡ್ಡು ಕೊಟ್ಟು ತರುತ್ತಿದ್ದೆವು. ಈಗ ಅದನ್ನೇ ವಂತಿಗೆಯಾಗಿ ಕೇಳಿದೆವು. ದುಡ್ಡು ಬೇಡ, ಬಿದ್ದ ಹಾಳೆ ಒಣಗಿಸಿ ಕಟ್ಟಿ ರಸ್ತೆ ಬದಿಗೆ ಇಡಿ ಸಾಕು. ಮೊದಲ ಬೇಸಿಗೆಗೆ 23 ಮನೆಯವರು ಒಪ್ಪಿದರು. ಓಮ್ನಿ ರೋಗಿಗಳ ಮನೆಗೆ ಹೋಗಿ ಬರುವಾಗ ಖಾಲಿ ಬರುವ ಬದಲು ಹಾಳೆ ಹೊರೆ ಹಾಕಿಕೊಂಡು ಬರುತ್ತದೆ. ತೋಟ ಇದ್ದವರು ಕೊಡುತ್ತಾರೆ, ತೋಟ ಇಲ್ಲದವರು ಕೂಲಿ ಪಡೆಯುತ್ತಾರೆ. ಮೊದಲೇ ಹೀಗಿರಬೇಕಿತ್ತು. ಲಾಭ ಅರ್ಧಕ್ಕಿಂತ ಕೆಳಗಿಳಿಯಿತು. 2024-25ರಲ್ಲಿ ಸುಮಾರು 38,000 ಬಂತು, ಸಿಸ್ಟರ್‌ಗೆ ಮೂರು ತಿಂಗಳ ಸಂಬಳಕ್ಕೂ ಸಾಲದು. ಉಳಿದದ್ದಕ್ಕೆ ನಾನು ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗುತ್ತೇನೆ. ಕೇಳುವುದಕ್ಕೆ ಸಂಕೋಚ ಇಲ್ಲ. ಕೊಡಬಲ್ಲವರ ಹತ್ತಿರ ಬಾಯಿಬಿಟ್ಟು ಕೇಳುವುದೇ ಸರಿ. ಕೇಳಲು ಸಂಕೋಚಪಟ್ಟದ್ದಕ್ಕೇ ಅಲ್ಲವೇ ನಾವು ಯಂತ್ರ ತಂದದ್ದು, ಯಂತ್ರದ ಹಿಂದೆ ನಿಂತವರ ಕೈಯಿಂದ ಕೇಳದೆಯೇ ತೆಗೆದುಕೊಂಡದ್ದು?

ಹಾಗಂತ ಮಷಿನ್ ಬೇಡ ಅಂತ ನಾನು ಹೇಳುವುದಿಲ್ಲ. ಆ 38,000ಕ್ಕೆ ಬೇರೆ ದುಡ್ಡಿಗೆ ಇಲ್ಲದ ಒಂದು ಗುಣ ಇದೆ. ಅದನ್ನು ಯಾವುದಕ್ಕೆ ಖರ್ಚು ಮಾಡಿದೆ ಅಂತ ಫೋಟೋ ಕಳಿಸಬೇಕಾಗಿಲ್ಲ. ಹೋದ ಡಿಸೆಂಬರ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬರ ನೋವು ತಡೆಯಲಾರದಷ್ಟಾಯಿತು. ಸಿಸ್ಟರ್ ಬಾಡಿಗೆ ಕಾರು ಮಾಡಿಕೊಂಡು ಹೋಗಿ ಬೆಳಗಿನವರೆಗೆ ಕೂತರು. ಆ ಬಾಡಿಗೆಯನ್ನು ಯಾವ ಅನುದಾನದ ಅರ್ಜಿಯಲ್ಲಿ ಯಾವ ಕಾಲಂನಲ್ಲಿ ಬರೆಯುವುದು? ತಟ್ಟೆಯ ದುಡ್ಡಿನಲ್ಲಿ ಕೊಟ್ಟೆ.

ಒಂದೇ ಮರ

ಫೋನ್ ಮಾಡಿದವರಿಗೆ ಇನ್ನೂ ಒಂದು ಹೇಳಬೇಕಿತ್ತು. ಸ್ಥಳೀಯ ಅನ್ನುವುದು ಬಹಳ ಚಂದದ ಮಾತು, ಆದರೆ ಊರಿನ ಕಷ್ಟವೂ ಸ್ಥಳೀಯವೇ. ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳಿಗೆ ಹರಡಿದ ಮೇಲೆ ಹಾಳೆಯೂ ಸೊರಗಿತು, ತೋಟದವರ ಕೈಯೂ ಬಿಗಿಯಾಯಿತು, ಕೊನೆ ಕೊಯ್ಯುವವರ ದುಡಿಮೆಯೂ ಕಡಿಮೆಯಾಯಿತು. ನಮ್ಮ ಆದಾಯ, ನಮ್ಮ ದಾನಿಗಳು, ನಮ್ಮ ರೋಗಿಗಳ ಮನೆಯ ಅನ್ನ, ಮೂರನ್ನೂ ಒಂದೇ ಮರಕ್ಕೆ ಕಟ್ಟಿದ್ದೇವೆ. ಹಾಸಿಗೆ ಹಿಡಿದವರ ಸಂಖ್ಯೆ ಮಾತ್ರ ಆ ಮರವನ್ನು ಕೇಳಿಕೊಂಡು ಇಳಿಯುವುದಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳನ್ನು ಊಟಕ್ಕೆ ಬಳಸಬಾರದು ಅಂದಿತು. ನಮ್ಮ ತಟ್ಟೆ ತಾಲ್ಲೂಕು ದಾಟಿ ಹೋಗುವುದಿಲ್ಲ, ಆದರೂ ಮರುವಾರವೇ ಇಬ್ಬರು ಗಿರಾಕಿಗಳು "ಇದರಲ್ಲಿ ವಿಷ ಇದೆಯಂತೆ?" ಎಂದು ಕೇಳಿದರು. ನಾವು ತಲೆಮಾರುಗಳಿಂದ ಹಾಳೆ ಬಳಸಿದವರು ಅಂತಷ್ಟೇ ಹೇಳಿದೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು.

ಅದಕ್ಕಿಂತ ಆಳದ್ದು ಒಂದಿದೆ. ತೋಟದವನಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ, ನನ್ನದೂ ಒಂದು ಎಕರೆ ಅಡಿಕೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಅಡಿಕೆ ಅಗಿಯುವುದರಿಂದ ಕ್ಯಾನ್ಸರ್ ಬರುತ್ತದೆ ಎಂದಿದೆ. ತಂಬಾಕು ಇಲ್ಲದಿದ್ದರೂ. ನಮ್ಮ ರೋಗಿಗಳಲ್ಲಿ ಬಾಯಿ ಕ್ಯಾನ್ಸರಿನವರು ಯಾವಾಗಲೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ದವಡೆ ತೂತಾಗಿ, ಗಂಜಿ ಕೂಡ ನಿಲ್ಲದವರು. ಅವರ ಗಾಯ ಕಟ್ಟಿ ಹೊರಬಂದು, ಅದೇ ದಾರಿಯಲ್ಲಿ ರಸ್ತೆ ಬದಿಯ ಹಾಳೆ ಹೊರೆಗಳನ್ನು ಓಮ್ನಿಗೆ ತುಂಬಿಕೊಂಡು ಬಂದಿದ್ದೇವೆ. ಸಿಸ್ಟರೂ ನಾನೂ ಆ ದಾರಿಯಲ್ಲಿ ಹೆಚ್ಚು ಮಾತಾಡುವುದಿಲ್ಲ.

ಬಾಕಿ

ಹಿಂದೆ ಕಡಿಮೆ ಕೊಟ್ಟದ್ದನ್ನು ಏನು ಮಾಡುವುದು ಅನ್ನುವುದು ಉಳಿದಿತ್ತು. ಎಲ್ಲ ವರ್ಷದ್ದನ್ನೂ ಕೊಡಲು ನಮ್ಮ ಹತ್ತಿರ ಇರಲಿಲ್ಲ. ಆ ಒಂದು ವರ್ಷದ್ದನ್ನಾದರೂ ಕೊಡೋಣ ಎಂದು ಸಭೆ ಒಪ್ಪಿತು. ಒಬ್ಬೊಬ್ಬರಿಗೆ 29,920 ರೂಪಾಯಿ, ಮೂರು ಕಂತಿನಲ್ಲಿ. ಸೊಸೆ ತೆಗೆದುಕೊಂಡಳು, ಚಿಕ್ಕವಳೂ ತೆಗೆದುಕೊಂಡಳು. ಅವಳು ಅದರಲ್ಲಿ ಟೈಲರಿಂಗ್ ಮಷಿನ್ ಕೊಂಡಿದ್ದಾಳೆ.

ದೊಡ್ಡಕ್ಕ ತೆಗೆದುಕೊಳ್ಳಲಿಲ್ಲ. ಮೊದಲ ಸಲ ಕವರ್ ಹಿಡಿದು ಹೋದಾಗ ಯಜಮಾನರು ಇದ್ದರು. ಎರಡನೇ ಸಲ ಹೋದದ್ದು ಅವರು ತೀರಿಕೊಂಡು ಒಂದು ತಿಂಗಳಾದ ಮೇಲೆ. ಗಾಳಿ ಹಾಸಿಗೆಯನ್ನು ತೊಳೆದು, ಒಣಗಿಸಿ, ಮಡಿಸಿ ಜಗಲಿಯ ಮೇಲೆ ಇಟ್ಟಿದ್ದರು, ಇನ್ನೊಬ್ಬರಿಗೆ ಆಗಲಿ ಅಂತ.

"ಅದು ಕೊಟ್ಟಾಯ್ತು ಮೇಷ್ಟ್ರೆ. ಕೊಟ್ಟದ್ದು ವಾಪಸ್ ತಗಳೂಕಾಗ್ತದಾ?"

"ಹಾಗಾದರೆ ದಾನ ಅಂತ ಬರೆದು ರಸೀದಿ ಕೊಡುತ್ತೇನೆ. ಹಲಗೆಯಲ್ಲಿ ನಿಮ್ಮ ಹೆಸರು ಬರೆಸುತ್ತೇನೆ."

"ಅದೆಲ್ಲ ಎಂತಕ್ಕೆ" ಎಂದರು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಕೇಳದೆ ಕಳೆದುಕೊಂಡದ್ದನ್ನು ದಾನ ಅಂತ ಬರೆಯಲು ನನಗೆ ಮನಸ್ಸಿಲ್ಲ, ಅವರೇ ಕೊಟ್ಟೆ ಅಂದರೂ. ಹಾಗಾಗಿ ಶೆಡ್ಡಿನ ಪುಸ್ತಕದಲ್ಲಿ ಕೊಡಬೇಕಾದದ್ದರ ಪಟ್ಟಿಯಲ್ಲಿ ಅವರ ಹೆಸರಿದೆ. ಎದುರಿಗೆ 29,920. ಆಡಿಟರ್ "ಇದನ್ನು ಯಾವಾಗ ತೆಗೆಯೋಣ ಸಾರ್" ಎಂದು ಕೇಳುತ್ತಾರೆ. ಈ ಮಾರ್ಚ್ 31ಕ್ಕೂ ಅದನ್ನು ಮುಂದಿನ ವರ್ಷದ ಪುಟಕ್ಕೆ ತಂದು ಬರೆದೆ. ನಾಳೆ ಆ ಪಕ್ಕದ ತಾಲ್ಲೂಕಿನವರಿಗೆ ಫೋನ್ ಮಾಡಿ ಈ ಸಾಲನ್ನು ಓದಿ ಹೇಳಬೇಕು.